ಒಂದು ನಂಬರ್ ದೊಡ್ಡ ಶೂ

ಊರವರನ್ನೆಲ್ಲ ತಮ್ಮ ಬಸ್ಸಿನ ಹಿಂದೆ ಓಡಿಸಿ ಓಡಿಸಿ ನಿವೃತ್ತರಾದವರು ನಮ್ಮವರು. ಕುಮಟಾದಿಂದ ಭಟ್ಕಳಕ್ಕೆ, ಭಟ್ಕಳದಿಂದ ಕುಮಟಾಕ್ಕೆ ಸರ್ಕಾರಿ ಬಸ್ಸು ಓಡಿಸುವುದೇ ಅವರ ಕೆಲಸವಾಗಿತ್ತು. ಜನ ನಿಂತ ಜಾಗದಲ್ಲೇ ಬಸ್ಸು ನಿಲ್ಲಿಸಿದರೆ ಇವರ ಗಂಟೇನು ಹೋಗುತ್ತಿತ್ತೋ ಕಾಣೆ, ನಾಲ್ಕು ಮಾರು ಮುಂದೆ ಹೋಗಿಯೇ ಬ್ರೇಕ್ ಒತ್ತುವುದು. ಮೀನಿನ ಬುಟ್ಟಿಯವರು, ಚೀಲ ಹೊತ್ತ ಶಾಲೆ ಮಕ್ಕಳು, ಸೀರೆ ಎತ್ತಿ ಹಿಡಿದುಕೊಂಡ ಟೀಚರಮ್ಮಂದಿರು ಎಲ್ಲರೂ ಬೈದುಕೊಳ್ಳುತ್ತ ಓಡಬೇಕು. ಒಂದೆರಡು ಸಲ ನಾನೇ ಓಡಿದ್ದೇನೆ, ಸ್ವಂತ ಹೆಂಡತಿಯೆಂಬ ದಾಕ್ಷಿಣ್ಯವೂ ಇರಲಿಲ್ಲ. "ಇಷ್ಟು ಜನರ ಶಾಪ ಸುಮ್ಮನೆ ಹೋಗೂದಿಲ್ಲ ನೋಡಿ" ಎಂದು ಚೇಷ್ಟೆ ಮಾಡುತ್ತಿದ್ದೆ. ಹೋಗಲಿಲ್ಲ. ನಿವೃತ್ತಿಯಾದ ಮರುವರ್ಷವೇ ಡಾಕ್ಟರು ಇವರನ್ನು ಎದುರಿಗೆ ಕೂರಿಸಿಕೊಂಡು, "ಇನ್ನು ನೀವು ಓಡಬೇಕು" ಎಂದರು.

ಈಗ ನಗುತ್ತ ಹೇಳುತ್ತಿದ್ದೇನೆ. ಆಗ ನಗುವ ಸ್ಥಿತಿಯಲ್ಲಿರಲಿಲ್ಲ. ಒಂದು ಬೆಳಿಗ್ಗೆ ದೋಸೆ ತಿನ್ನುತ್ತಿದ್ದವರು ಎದೆ ಹಿಡಿದುಕೊಂಡು ಗೋಡೆಗೆ ಒರಗಿಬಿಟ್ಟರು. ನಾನು ಕೂಗಿಕೊಂಡೆ. ಪಕ್ಕದ ಮನೆಯ ಮೈದುನ, ಅಂದರೆ ಇವರ ಒಬ್ಬನೇ ತಮ್ಮ, ನನ್ನ ಕೂಗು ಕೇಳಿ ಗದ್ದೆಯಿಂದ ಕೆಸರುಗಾಲಲ್ಲೇ ಓಡಿ ಬಂದ. ಕುಂದಾಪುರ ದಾಟಿ ದೊಡ್ಡ ಆಸ್ಪತ್ರೆ ಸೇರುವ ತನಕ ಆಂಬುಲೆನ್ಸಿನಲ್ಲಿ ನಾವಿಬ್ಬರೂ ಇವರ ಒಂದೊಂದು ಕೈ ಹಿಡಿದು ಕುಳಿತಿದ್ದೆವು. ಅಲ್ಲಿ ರಕ್ತನಾಳಕ್ಕೆ ಸ್ಟೆಂಟ್ ಹಾಕಿ, "ಬದುಕಿಕೊಂಡರು, ಇನ್ನು ಜೋಪಾನ ಮಾಡಿ" ಎಂದು ಕಳಿಸಿಕೊಟ್ಟರು.

ಧಾರೇಶ್ವರದ ಮನೆಗೆ ಬಂದ ಮೇಲೆ ನನಗೆ ನಿಜವಾದ ಹೆದರಿಕೆ ಶುರುವಾಯಿತು. ನಾನು ಮನೆಯಲ್ಲೇ ಕುಳಿತು ಊರಿನ ಹೆಂಗಸರ ರವಿಕೆ ಹೊಲಿಯುವವಳು. ಇವರು ಮಧ್ಯಾಹ್ನ ಜಗಲಿಯಲ್ಲಿ ಮಲಗಿದಾಗ ಸ್ವಲ್ಪ ಹೊತ್ತು ಅಲುಗಾಡದಿದ್ದರೆ ಸಾಕು, ಹೊಲಿಗೆ ಮಿಶಿನ್ ಬಿಟ್ಟು ಎದ್ದು ಹೋಗಿ ಮೂಗಿನ ಹತ್ತಿರ ಬೆರಳು ಹಿಡಿಯುತ್ತಿದ್ದೆ. ಒಮ್ಮೆ ಒಂದೇ ಕಣ್ಣು ಬಿಟ್ಟು, "ಇನ್ನೂ ಅದೆ, ಹೋಗಿ ಹೊಲಿ" ಎಂದರು. ಹೀಗೆ ತಮಾಷೆ ಮಾಡುತ್ತಾರಲ್ಲ, ಹಾಗಾದರೆ ಒಳಗೆ ಧೈರ್ಯವಾಗಿದ್ದಾರೆ ಎಂದು ನಾನು ತಿಳಿದಿದ್ದೆ.

ಕೆಲವು ತಿಂಗಳು ಕಳೆದ ಮೇಲೆ ಹೊನ್ನಾವರದ ಡಾಕ್ಟರಲ್ಲಿ ತೋರಿಸಿದೆವು. ಎಲ್ಲ ತಪಾಸಣೆ ಮಾಡಿದ ಆ ಹುಡುಗಿ ಡಾಕ್ಟರು ಹೇಳಿದ್ದು ಇಷ್ಟು: ದಿನವೂ ಬಿರುಸಾಗಿ ನಡೆಯಬೇಕು. ಅದು ಸಲೀಸಾದ ಮೇಲೆ ಒಂದು ಕರೆಂಟ್ ಕಂಬದಿಂದ ಇನ್ನೊಂದು ಕಂಬದವರೆಗೆ ನಿಧಾನ ಓಡಿ, ಮುಂದಿನ ಕಂಬದವರೆಗೆ ನಡೆಯಬೇಕು. ಏದುಸಿರು ಬಂದರೆ ನಿಲ್ಲಬೇಕು. ಸಕ್ಕರೆ ಕಾಯಿಲೆಯೂ ಇರುವುದರಿಂದ ಬರಿಗಾಲಲ್ಲಿ ತಿರುಗಬಾರದು, ಕಾಲಿಗೆ ಗಾಯವಾಗಬಾರದು. "ಒಂದು ಓಡುವ ಶೂ ತಗೊಳ್ಳಿ. ಅದನ್ನೇ ಪೇಟೆಗೆ, ಹೊಲಕ್ಕೆ ಎಲ್ಲಕ್ಕೂ ಹಾಕಿಕೊಳ್ಳಿ. ಬಹಳ ದುಬಾರಿಯದ್ದು ಬೇಕಾಗಿಲ್ಲ, ಆದರೆ ಕಾಲಿಗೆ ಸರಿಯಾಗಿ ಕೂರಬೇಕು" ಎಂದರು.

ಹೊರಗೆ ಬಂದದ್ದೇ ಇವರ ರಾಗ ಶುರು. "ಶೂ ಎಂತಕ್ಕೆ ಮಾರಾಯ್ತಿ? ಚಪ್ಪಲಿ ಹಾಕಂಡೇ ಅಷ್ಟ್ ವರ್ಷ ಬಸ್ಸು ಓಡಿಸಿದೆ."

"ಆಗ ಓಡಿದ್ದು ಬಸ್ಸು. ಈಗ ಓಡೂದು ನೀವು" ಎಂದೆ.

ಇವರು ಎಂಥ ಹಿಡಿತದ ಮನುಷ್ಯರೆಂದು ಹೇಳಬೇಕು. ಜಿಪುಣರಲ್ಲ. ಬೇರೆಯವರಿಗೆ ಕೈಬಿಚ್ಚಿ ಕೊಡುತ್ತಾರೆ. ತಮಗೆ ಅಂತ ಬಂದರೆ ಮಾತ್ರ ಮುಷ್ಟಿ ಬಿಗಿ. ಅಪ್ಪ ಬೇಗ ಹೋಗಿದ್ದರಿಂದ ತಮ್ಮನನ್ನು ಇವರೇ ಬೆಳೆಸಿದ್ದು. ಆಗಿನಿಂದ ಬಂದ ಒಂದು ಪದ್ಧತಿ ಈ ಮನೆಯಲ್ಲಿದೆ: ಅಣ್ಣ ಹಾಕಿದ್ದು ತಮ್ಮನಿಗೆ. ಅಂಗಿ, ಪ್ಯಾಂಟು, ಸ್ವೆಟರ್, ಛತ್ರಿ, ಸೈಕಲ್, ಕೈಗಡಿಯಾರ ಎಲ್ಲವೂ ಹಾಗೇ ಇಳಿದು ಹೋಗಿವೆ. ಮೈದುನ ಬೆಳೆದು ಅಣ್ಣನಿಗಿಂತ ದಪ್ಪ, ಉದ್ದ ಆದ. ನಾನು ಈ ಮನೆಗೆ ಬಂದ ಮೇಲೆ ಇವರ ಅಂಗಿ ಹೊಲಿಯುವಾಗಲೇ ಪಕ್ಕೆಗಳಲ್ಲಿ, ತೋಳಿನಲ್ಲಿ ಒಳಗೆ ಬಟ್ಟೆ ಜಾಸ್ತಿ ಬಿಟ್ಟಿರುತ್ತಿದ್ದೆ. ಆಮೇಲೆ ಹೊಲಿಗೆ ಬಿಚ್ಚಿ ಹಿಗ್ಗಿಸಿದರೆ ಮೈದುನನಿಗೆ ಸರಿಯಾಗುತ್ತಿತ್ತು. ಮೈದುನನಿಗೆ ಈಗ ಸ್ವಂತ ಸಂಸಾರವಿದೆ, ಭತ್ತದ ಕೊಯ್ಲಾದ ಮೇಲೆ ಈರುಳ್ಳಿ, ಶೇಂಗಾ ಬೆಳೆದು ನಾಲ್ಕು ಕಾಸು ಮಾಡಿದ್ದಾನೆ, ಬೇಕಾದ ಅಂಗಿ ಕೊಳ್ಳುತ್ತಾನೆ. ಆದರೂ ಅಣ್ಣನ ಹಳೆ ಅಂಗಿ ಬಂದರೆ ಖುಷಿಯಿಂದ ಹಾಕಿಕೊಂಡು ಗದ್ದೆಗೆ ಹೋಗುತ್ತಾನೆ. ನಮಗೆ ಮಕ್ಕಳಿಲ್ಲ. ಅವನೇ ಇವರಿಗೆ ತಮ್ಮ, ಅವನೇ ಮಗ.

ಶೂ ಹುಡುಕಾಟ ಕುಮಟಾದಿಂದ ಶುರುವಾಯಿತು. ಅಲ್ಲಿಯ ಒಂದು ದೊಡ್ಡ ಅಂಗಡಿಯಲ್ಲಿ ಮಾರುವ ಹುಡುಗ ಮೊದಲು ಇಳಿಸಿದ್ದೇ ಹಸಿರು, ಕಿತ್ತಳೆ, ಬೆಳ್ಳಿ ಬಣ್ಣ ಮೂರೂ ಇರುವ ಒಂದು ಜೊತೆ. ಹಿಮ್ಮಡಿಯ ಕೆಳಗೆ ಗಾಳಿಯ ಗುಳ್ಳೆಯಂಥದ್ದು ಬೇರೆ. ಬೆಲೆ ಕೇಳಿ ಇವರು ಎದೆ ಮುಟ್ಟಿಕೊಂಡರು. ನನ್ನ ಜೀವ ಹಾರಿತು. "ಎಂತ ಆಯ್ತು?" ಎಂದು ಕೂಗಿದೆ.

"ಎಂತ ಇಲ್ಲ, ಬೆಲೆ ಕೇಳಿದ್ದು" ಎಂದರು. ಆಮೇಲೆ ಶೂ ಕೈಯಲ್ಲಿ ತಿರುಗಿಸಿ, "ಇದನ್ನ ಹಾಕಂಡು ಹೊಂಟ್ರೆ ಯಕ್ಷಗಾನ ಮೇಳದವ್ರು ಬಣ್ಣ ತೊಳೀದೆ ಬಂದ್ರು ಅಂತಾರೆ" ಎಂದರು. ಹುಡುಗನಿಗೆ ನಗು ತಡೆಯಲಾಗಲಿಲ್ಲ. ನಾನು ಮಾತ್ರ ಆ ಎದೆ ಮುಟ್ಟಿಕೊಂಡ ತಮಾಷೆಗೆ ದಾರಿಯುದ್ದಕ್ಕೂ ಬೈದೆ.

ಮುಂದಿನ ವಾರ ಹೊನ್ನಾವರ. ಅಲ್ಲಿ ಪೇಟೆ ಬೀದಿಯ ಅಂಗಡಿಯೊಂದರಲ್ಲಿ ಅಗ್ಗದ ಶೂಗಳನ್ನು ರಾಶಿ ಹಾಕಿದ್ದರು. ಇವರಿಗೆ ರಾಶಿ ನೋಡಿಯೇ ಸಂತೋಷ. ಕೈಗೆ ಸಿಕ್ಕಿದ ಒಂದನ್ನು ಹಿಡಿದು "ಇದೇ ಆತು, ನಡಿ" ಎಂದರು. ನಾನು ಬಿಡುವವಳಲ್ಲ. ಬಟ್ಟೆ ಪರೀಕ್ಷಿಸುವ ಹಾಗೇ ಶೂ ಪರೀಕ್ಷಿಸಿದೆ ಅನ್ನಿ. ಒಳಗೆ ಕೈ ಹಾಕಿ ಹೊಲಿಗೆ ತಡವಿದೆ. ಹಿಮ್ಮಡಿ ಬರುವ ಜಾಗದಲ್ಲೇ ಗಂಟು ಗಂಟಾದ ಹೊಲಿಗೆ, ಸಕ್ಕರೆ ಇರುವ ಕಾಲಿಗೆ ಉಜ್ಜಿದರೆ ಮುಗಿಯಿತು. ಎರಡೂ ತುದಿ ಹಿಡಿದು ಬಗ್ಗಿಸಿದೆ. ಬೆರಳು ಮಡಚುವ ಕಡೆ ಬಗ್ಗಬೇಕಾದದ್ದು ನಟ್ಟನಡುವೆ ಹಪ್ಪಳದ ಹಾಗೆ ಮಡಚಿತು. ಅಟ್ಟೆ ನುಣ್ಣಗೆ, ನಮ್ಮ ಅಂಗಳದ ಪಾಚಿಯ ಮೇಲೆ ಕಾಲಿಟ್ಟರೆ ನೇರ ಬಾವಿಕಟ್ಟೆಗೇ. ಅಂಟಿನ ವಾಸನೆ ಅಂಗಡಿಯ ಹೊರಗೂ ಬರುತ್ತಿತ್ತು. "ಇದು ಮೊದಲ ಮಳೆಗೇ ಬಾಯಿ ಬಿಡ್ತದೆ" ಎಂದು ರಾಶಿಗೆ ಎಸೆದೆ. ಅಂಗಡಿಯವರು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

"ನಿನ್ನ ಜೊತಿಗೆ ಶೂ ತೆಗಿಯುಕೆ ಬಂದ್ರೆ ಎರಡನೇ ಅಟ್ಯಾಕೇ ಆಪುದು" ಎಂದು ಬಸ್ಸು ಹೊನ್ನಾವರ ದಾಟುವವರೆಗೂ ಗೊಣಗಿದರು. ಹಾಗೆಲ್ಲ ಬಾಯಿ ತಪ್ಪಿಯೂ ಅನ್ನಬಾರದು ಎಂದು ನಾನು ಬಸ್ಸಿನಲ್ಲೇ ಜಗಳ ತೆಗೆದೆ. ಮುಂದಿನ ಸೀಟಿನವರು ತಿರುಗಿ ನೋಡಿ, "ಓ, ಡ್ರೈವರ್ರು!" ಎಂದು ಗುರುತು ಹಿಡಿದು ಮಾತಿಗೆ ಶುರು ಮಾಡಿದ್ದರಿಂದ ಜಗಳ ಅರ್ಧಕ್ಕೇ ನಿಂತಿತು.

ಕೊನೆಗೆ ಶೂ ಸಿಕ್ಕಿದ್ದು ಭಟ್ಕಳದಲ್ಲಿ. ಪೇಟೆಯೊಳಗಿನ ಸಣ್ಣ ಅಂಗಡಿ. ಒಳಗೆ ಕಾಲಿಡುತ್ತಲೇ ಮಾಲೀಕರು ಇವರ ಮುಖವನ್ನೇ ನೋಡಿ ಎದ್ದು ನಿಂತರು. "ಆವೋ ಆವೋ, ಡ್ರೈವರ್ ಸಾಬ್! ಶಾಲೆಗೆ ಹೋಗುವಾಗ ದಿನಾ ನನ್ನನ್ನ ಓಡಿಸಿದವರು ನೀವೇ ಅಲ್ವಾ? ನಾನು ಓಡಿ ಬಂದು ಬಾಗಿಲು ಹಿಡಿಯೋ ಹೊತ್ತಿಗೆ ನೀವು ಗೇರ್ ಹಾಕ್ತಿದ್ರಿ" ಎಂದರು.

ಇವರ ಮುಖ ಸಣ್ಣದಾಯಿತು. ನಾನು, "ಈಗ ಇವರು ಓಡಬೇಕಂತೆ, ಡಾಕ್ಟರು ಹೇಳಿದ್ದಾರೆ. ಒಂದು ಶೂ ಕೊಡಿ" ಎಂದೆ. ಆ ಮನುಷ್ಯ ಕುರ್ಚಿಯಲ್ಲಿ ಕುಸಿದು ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿದ ಮೇಲೆ ಕಣ್ಣು ಒರೆಸಿಕೊಂಡು, "ಅಲ್ಲಾ ದೊಡ್ಡವನು" ಎಂದರು. ನಮ್ಮವರೂ ನಕ್ಕರು, ಬೇರೆ ದಾರಿ ಇರಲಿಲ್ಲ.

ಅವರು ತೋರಿಸಿದ್ದು ಬೂದು ಬಣ್ಣದ, ಯಾವ ಥಳಕೂ ಇಲ್ಲದ ಒಂದು ಜೊತೆ. ಹೋದ ವರ್ಷದ ಮಾದರಿಯಂತೆ, ಅದಕ್ಕೇ ಬೆಲೆ ಇಳಿದಿತ್ತು. ಓಡುವವರಿಗೆ ಹೋದ ವರ್ಷ, ಈ ವರ್ಷ ಎಂತ ವ್ಯತ್ಯಾಸ? ಮೇಲೆ ಜಾಳಿಗೆಯಂಥ ಬಟ್ಟೆ, ಒದ್ದೆಯಾದರೆ ಬೇಗ ಆರುತ್ತದೆ. ಕೈಯಲ್ಲಿ ಹಿಡಿದರೆ ಭಾರವೇ ಇಲ್ಲ. ಬಗ್ಗಿಸಿದೆ, ಬೆರಳಿನ ಹತ್ತಿರ ಬಗ್ಗಿತು. ಹಿಮ್ಮಡಿ ಗಟ್ಟಿ, ಒಳಗೆ ಮೆತ್ತಗೆ, ಅಟ್ಟೆಯಲ್ಲಿ ಆಳವಾದ ಗೆರೆಗಳು. ಮನೆಯಿಂದ ತಂದ ಸಾಕ್ಸ್ ಇವರ ಕಾಲಿಗೆ ನಾನೇ ಏರಿಸಿದೆ. ಮಾಲೀಕರು ಎಂಟನೇ ನಂಬರ್ ಹಾಕಿಸಿ, ಅಂಗಡಿಯೊಳಗೇ ನಡೆಸಿ, ಉದ್ದ ಬೆರಳಿನ ಮುಂದೆ ಹೆಬ್ಬೆರಳಿನಷ್ಟು ಜಾಗ ಇದೆಯಾ ಎಂದು ಒತ್ತಿ ನೋಡಿದರು. "ಬರೋಬರ್! ಇವರಿಗೇ ಮಾಡಿಸಿದ ಹಾಗೆ ಉಂಟು" ಎಂದರು.

ಅಷ್ಟು ಹೊತ್ತು ಎಂತ ಕೊಟ್ಟರೂ ಆತು ಆತು ಅನ್ನುತ್ತಿದ್ದ ಮನುಷ್ಯ ಆಗ ಹಟ ಹಿಡಿದರು. "ಒಂಬತ್ತು ಕೊಡಿ."

"ಒಂಬತ್ತು ಲೂಸ್ ಆಗ್ತದೆ ಸಾಬ್."

"ಆಗಲಿ. ಸಾಯಂಕಾಲ ಕಾಲು ಬಾಸ್ತದೆ ನಂಗೆ. ಮತ್ತೆ ದೇವಸ್ಥಾನದ ಎದುರಿಗೆ ಹೋಪಾಗ ತೆಗಿಯುಕೆ ಬೇಕಲ್ಲ. ಸಡಿಲ ಇದ್ರೆ ಲೇಸು ಬಿಚ್ಚೂದೇ ಬ್ಯಾಡ, ಸಸಾರ."

ಇದು ಸುಳ್ಳೇನಲ್ಲ. ನಮ್ಮ ಮನೆಯಿಂದ ಸಮುದ್ರದ ಕಡೆ ಹೋಗಬೇಕಾದರೆ ದೇವಸ್ಥಾನದ ಮುಂದೇ ಹಾಯಬೇಕು. ಕಾಲಿನದನ್ನು ಕೈಯಲ್ಲಿ ಹಿಡಿದು, ಕೈ ಮುಗಿದು, ಆಚೆ ಹೋಗಿ ಮತ್ತೆ ಹಾಕಿಕೊಳ್ಳುವುದು ಇವರ ರೂಢಿ. ಆದರೂ ಅಳತೆಯ ವಿಷಯದಲ್ಲಿ ನಾನು ಸೋಲುವವಳಲ್ಲ. ಅಂಗಡಿಯಲ್ಲೇ ವಾದಕ್ಕೆ ನಿಂತೆ. ಇವರು ನನ್ನ ಕಡೆ ಒಂದು ತರಹ ನೋಡಿ, "ನನ್ನ ಕಾಲು ಅಲ್ದನೇ? ನಂಗೆ ಬಿಡು ಇದೊಂದು" ಎಂದು ಸಣ್ಣ ದನಿಯಲ್ಲಿ ಹೇಳಿದರು. ಇವರಾಗಿ ಏನನ್ನೂ ಕೇಳುವವರಲ್ಲ. ಕೇಳಿದರಲ್ಲ ಅಂತ ಬಿಟ್ಟುಕೊಟ್ಟೆ. ಮಾಲೀಕರು ತಲೆ ಅಲ್ಲಾಡಿಸುತ್ತ ಒಂಬತ್ತನೇ ನಂಬರ್ ಕಟ್ಟಿಕೊಟ್ಟರು.

ಮೊದಲ ಕೆಲವು ದಿನ ಮನೆಯಲ್ಲಿ ಹಬ್ಬದ ಸಡಗರ. ಬೆಳಿಗ್ಗೆ ಇವರು ಪಟ್ಟೆ ಲುಂಗಿ ಬಿಟ್ಟು ಪ್ಯಾಂಟು, ಅದರ ಕೆಳಗೆ ಹೊಸ ಶೂ ಹಾಕಿಕೊಂಡು ಹೊರಟರೆ ಬಸ್ ನಿಲ್ದಾಣದಲ್ಲಿ ನಿಂತವರು, "ಡ್ರೈವರ್ರೆ, ಬಸ್ಸು ತಪ್ಪಿತಾ?" ಎಂದು ಕೂಗುವುದು. ಇವರು ಕೈ ಬೀಸುತ್ತ ಹೋಗುವುದು. ನಾನು ಗೇಟಿನ ತನಕ ಬಂದು ನೋಡುತ್ತಿದ್ದೆ. ಆಹಾ, ನಮ್ಮವರು ಓಡುತ್ತಾರೆ! ಇನ್ನೇನು ಭಯ ಎಂದು ಮಿಶಿನ್ ತುಳಿಯುವ ಕಾಲಿಗೂ ಹುರುಪು ಬಂತು.

ಆಮೇಲೆ ನನಗೆ ಅನುಮಾನ ಬರತೊಡಗಿತು. ಹೋಗುವುದು ಹೋಗುತ್ತಾರೆ, ಬರುವಾಗ ಅಂಗಿಯಲ್ಲಿ ಬೆವರೇ ಇಲ್ಲ. ಶೂ ನೋಡಿದರೆ ಪೆಟ್ಟಿಗೆಯಿಂದ ಈಗ ತೆಗೆದ ಹಾಗಿದೆ. ಮೀನು ಮಾರಲು ಬಂದಾಕೆ ಬಂಗಡೆ ಎಣಿಸುತ್ತ, "ಯಜಮಾನ್ರಿಗೆ ಹುಷಾರಿಲ್ವನ್ರಾ? ದಿನಾ ಬೆಳಗಾಗಿ ಸಮುದ್ರದ ದಾರಿ ಕಟ್ಟೆ ಮೇಲೆ ಕೂತಿರ್ತ್ರು, ಶೂ ಪಕ್ಕಕ್ಕೆ ಬಿಚ್ಚಿಟ್ಕಂಡು" ಎಂದಳು.

ಮನೆಗೆ ಬಂದಾಗ ಹಿಡಿದು ಕೂರಿಸಿದೆ. "ಸಾಕ್ಸ್ ತೆಗೀರಿ" ಎಂದೆ. ಹಿಂದೆ ಮುಂದೆ ನೋಡಿದರು. ನಾನೇ ಎಳೆದು ತೆಗೆದೆ. ಅಯ್ಯೋ ದೇವರೇ, ಎರಡೂ ಹಿಮ್ಮಡಿಯಲ್ಲಿ ಗುಳ್ಳೆ ಎದ್ದು, ಒಂದು ಒಡೆದು, ಸುತ್ತ ಕೆಂಪಾಗಿತ್ತು. ದೊಡ್ಡ ಶೂನಲ್ಲಿ ಕಾಲು ಹಿಂದೆ ಮುಂದೆ ಜಾರಿ ಜಾರಿ ಉಜ್ಜಿದ್ದು. ಒಂದು ಸಲ ಎಡವಿ ಬೀಳುವುದು ಸ್ವಲ್ಪದರಲ್ಲೇ ತಪ್ಪಿತ್ತಂತೆ. ಅಂದಿನಿಂದ ಓಡುವುದನ್ನು ಬಿಟ್ಟು, ನನಗೆ ಹೇಳಲಾರದೆ, ಕಟ್ಟೆಯಲ್ಲಿ ಕೂತು ಹೊತ್ತು ಕಳೆದು ಬರುತ್ತಿದ್ದರು. ಗುಳ್ಳೆ ಎಂದರೆ ಬೇರೆಯವರಿಗೆ ಗುಳ್ಳೆ, ಇವರಿಗೆ ಅದು ಕಾಲನ್ನೇ ತಿನ್ನಬಹುದು ಎಂದು ಡಾಕ್ಟರು ಅಷ್ಟು ಹೇಳಿದ್ದರು. ನನಗೆ ತಲೆ ಕೆಟ್ಟುಹೋಯಿತು. ಹೊನ್ನಾವರಕ್ಕೆ ಕರೆದುಕೊಂಡು ಹೋಗಿ ಔಷಧ ಹಚ್ಚಿಸಿ, ಪಟ್ಟಿ ಕಟ್ಟಿಸಿಕೊಂಡು ಬಂದ ಮೇಲೂ ನನ್ನ ಬಾಯಿ ನಿಂತಿರಲಿಲ್ಲ.

ಅಂದು ಸಾಯಂಕಾಲ ಜಗಲಿಯಲ್ಲಿ ಮೂವರೂ ಇದ್ದೆವು. ಮೈದುನ ಹೆಣೆದ ಈರುಳ್ಳಿ ಜಡೆಗಳನ್ನು ತಂದು ಮೊಳೆಗೆ ನೇತುಹಾಕುತ್ತಿದ್ದ. ನಾನು ಕೊರಳಲ್ಲಿದ್ದ ಟೇಪು ತೆಗೆದು ಇವರ ಪಾದ ಅಳೆದೆ, ಶೂವಿನ ಒಳಗೂ ಅಳೆದೆ. "ನೋಡಿ, ಇಷ್ಟು ವ್ಯತ್ಯಾಸ. ನಾಳೆಯೇ ಭಟ್ಕಳಕ್ಕೆ ಹೋಗಿ ಸರಿ ಅಳತೆಯದ್ದು ತರುವ" ಎಂದೆ.

"ಹಾಕಿದ ಶೂ ಯಾರು ಬದ್ಲಾಯಿಸಿ ಕೊಡ್ತ್ರು?"

"ಹೊಸದು ತಗೊಳ್ಳುವ."

"ಒಂದು ಜೊತೆ ಇಪ್ಪಾಗ ಇನ್ನೊಂದಾ? ಮಳ್ಳೇ ನಿಂಗೆ? ಇನ್ನೆಷ್ಟು ದಿನಕ್ಕೆ ಬೇಕು ನಂಗೆ ಶೂ!"

ಆ ಮಾತು ನನ್ನ ಕಿವಿಗೆ ಚುಚ್ಚಿತು. ಆದರೆ ಅದನ್ನು ಹಿಡಿದು ಕೇಳುವಷ್ಟರಲ್ಲಿ ಮೈದುನ ನಮ್ಮ ಜಗಳ ತಪ್ಪಿಸಬೇಕೆಂದು, "ಎಲ್ಲಿ ಅಣ್ಣ, ನಿನ್ನ ಶೂ ನಾನೂ ಒಂದ್ಸಲ ನೋಡ್ತೆ" ಎಂದು ಕಾಲು ಒರೆಸಿಕೊಂಡು ಒಂದರೊಳಗೆ ಪಾದ ತೂರಿಸಿದ. ಲೇಸು ಎಳೆದು ಎದ್ದು ನಿಂತ. ಜಗಲಿಯ ಆ ತುದಿಯಿಂದ ಈ ತುದಿಗೆ ನಡೆದ. "ಅರೇ ಅತ್ತಿಗೆ, ನಂಗೆ ಸಮಾ ಆತು ನೋಡಿ!"

ಇವರ ಮುಖ ಅರಳಿಬಿಟ್ಟಿತು. "ಸಮಾ ಆತಾ? ನಾನು ಬರೀ ಅಂದಾಜಲ್ಲೇ ತಕ್ಕಂಡಿದ್ದು ಮಾರಾಯ!"

ಹೇಳಿ ಮುಗಿದ ಮೇಲೆ ಅವರಿಗೇ ಗೊತ್ತಾಯಿತು, ಎಂತ ಹೇಳಿದೆ ಎಂದು. ಅಂಗಳದ ಕಡೆ ತಿರುಗಿ ಕುಳಿತರು. ಮೈದುನ ಒಂದು ಕಾಲಿನಲ್ಲಿ ಶೂ, ಒಂದು ಕಾಲು ಬರಿದು, ಹಾಗೇ ನಿಂತ. ನನ್ನ ಕೈಯಲ್ಲಿ ಟೇಪು ಇತ್ತು. ಈ ಮನೆಯಲ್ಲಿ ಅಣ್ಣನದ್ದು ತಮ್ಮನಿಗೆ ಹೋಗುವುದು ಹೇಗೆಂದು ನನಗೆ ಗೊತ್ತಿಲ್ಲವೇ? ಅಂಗಿಯಾದರೆ ಬಟ್ಟೆ ಒಳಗೆ ಬಿಟ್ಟು ಆಮೇಲೆ ಬಿಚ್ಚಬಹುದು. ಶೂಗೆ ಹಾಗೆ ಬರುವುದಿಲ್ಲ. ಅದಕ್ಕೇ ಮೊದಲೇ ತಮ್ಮನ ಅಳತೆಗೇ ತಂದಿದ್ದರು.

"ಅಳತೆ ತಪ್ಪಿದ್ದಲ್ಲ" ಎಂದೆ. "ಅಳತೆ ಬೇರೆಯವರದ್ದು."

ಇವರು ತಲೆ ಎತ್ತದೆ ಹೇಳಿದರು. "ಹೊಸ ಶೂ ಅಲ್ದಾ... ನಾನು ಎಲ್ಲಾದ್ರೂ ನಡು ದಾರಿಲೇ ಹೋದ್ರೆ ಸುಮ್ನೆ ಹಾಳಾಗ್ತದೆ. ಇವಂಗಾದ್ರೂ ಆಗ್ಲಿ ಅಂತ."

ನನಗೆ ಅಳು ಬರಬೇಕಿತ್ತು, ಬಂದದ್ದು ಸಿಟ್ಟು. ಎಂಥ ಸಿಟ್ಟು! ಮಧ್ಯಾಹ್ನ ಮಧ್ಯಾಹ್ನ ಇವರ ಮೂಗಿಗೆ ಬೆರಳು ಹಿಡಿದು ಉಸಿರು ನೋಡಿದವಳು ನಾನು. ಇವರು ಆ ಹೊತ್ತಿಗೆ ತಾವು ಹೋದ ಮೇಲೆ ಶೂ ಯಾರಿಗಾಗುತ್ತದೆ ಎಂದು ಲೆಕ್ಕ ಹಾಕಿಕೊಂಡು ಮಲಗಿದ್ದರು! ಬಾಯಿಗೆ ಬಂದ ಹಾಗೆ ಬೈದೆ. "ಡಾಕ್ಟರು ಬದುಕುವುದಕ್ಕೆ ಶೂ ಹಾಕಿಕೊಳ್ಳಿ ಅಂದ್ರೆ ನೀವು ಸಾಯೋದಕ್ಕೆ ಶೂ ತಂದಿದ್ದೀರಿ. ನಾನು ಮೂರು ಪೇಟೆ ಸುತ್ತಿದ್ದು, ಅಟ್ಟೆ ಬಗ್ಗಿಸಿ ನೋಡಿದ್ದು ಇದಕ್ಕಾ? ನನ್ನನ್ನ ಯಾರಿಗೆ ಕೊಟ್ಟು ಹೋಗೋದು ಅಂತಲೂ ಯೋಚನೆ ಮಾಡಿಟ್ಟಿದ್ದೀರಾ?" ಎಂದೆ. ಪಕ್ಕದ ಕೇರಿಯವರೆಗೂ ಕೇಳಿರಬೇಕು.

ಮೈದುನ ನೆಲಕ್ಕೆ ಕುಳಿತು ಲೇಸು ಬಿಚ್ಚತೊಡಗಿದ. ಗಂಟು ಬಿದ್ದು ಬಿಚ್ಚಲಾಗಲಿಲ್ಲ. ಅಷ್ಟು ದೊಡ್ಡ ಗಂಡಸು ಗಂಟು ಎಳೆಯುತ್ತ ಎಳೆಯುತ್ತ ಅಳತೊಡಗಿದ. "ನಂಗೆ ಬ್ಯಾಡ ಅಣ್ಣ. ನಿನ್ನ ಅಂಗಿ ನೀನು ಇರುವಾಗ್ಲೇ ಕೊಟ್ಟಿದ್ದು, ಅದಕ್ಕೆ ಹಾಕಂತೆ. ಇದು ನಂಗೆ ಬ್ಯಾಡ್ವೇ ಬ್ಯಾಡ."

ಅವನ ಆ ಮಾತಿಗೆ ನನಗೆ ದಾರಿ ಹೊಳೆಯಿತು. "ಬಿಚ್ಚಬೇಡ ನೀನು" ಎಂದೆ. "ಇನ್ನೊಂದು ಕಾಲಿಗೂ ಹಾಕು. ಅದು ನಿಂದೇ. ಇವರು ಇರುವಾಗಲೇ, ಇವರ ಕಣ್ಣೆದುರಿಗೇ ಹಾಕಿಕೊಂಡು ಸವೆಸು. ನಾಳೆ ಇವರಿಗೆ ಇವರದ್ದೇ ಅಳತೆಯದ್ದು ಬರ್ತದೆ. ಕಾಲು ವಾಸಿಯಾದ ದಿನದಿಂದ ಬೆಳಿಗ್ಗೆ ಇಬ್ಬರೂ ಓಡಿ. ಇವರು ಕಟ್ಟೆ ಮೇಲೆ ಕೂತರೆ ಎಬ್ಬಿಸೂದು ನಿನ್ನ ಕೆಲಸ."

"ಇಬ್ಬರಿಗೆ ಎರಡು ಜೊತೆ..." ಎಂದು ಇವರು ಬಾಯಿ ತೆರೆದರು. ನಾನು ನೋಡಿದೆ. ಮುಚ್ಚಿದರು.

ಮರುದಿನ ಭಟ್ಕಳದ ಅಂಗಡಿಯ ಮಾಲೀಕರು ನಮ್ಮನ್ನು ನೋಡಿ, "ಲೂಸ್ ಆಯ್ತಲ್ಲ ಸಾಬ್?" ಎಂದರು. "ಆತು" ಎಂದು ಇವರು ಒಪ್ಪಿಕೊಂಡರು, ಕಾರಣ ಹೇಳಲಿಲ್ಲ. ನಾನೂ ಹೇಳಲಿಲ್ಲ. ಪಟ್ಟಿ ಕಟ್ಟಿದ ಕಾಲಿಗೆ ಹಾಕುವ ಹಾಗಿರಲಿಲ್ಲ. ಎಂಟನೇ ನಂಬರ್ ಅಂದೇ ನೋಡಿ ಆಗಿತ್ತಲ್ಲ, ಅದನ್ನೇ ತಂದೆವು. ಪೆಟ್ಟಿಗೆ ಅಲ್ಲೇ ಬಿಟ್ಟು ಬಂದೆ. ಪೆಟ್ಟಿಗೆ ಇದ್ದರೆ ಇವರಿಗೆ ಎತ್ತಿಡುವ ಯೋಚನೆ ಬರುತ್ತದೆ.

ಗಾಯ ಪೂರ್ತಿ ಮಾಯುವವರೆಗೆ ಶೂ ಬಾಗಿಲ ಪಕ್ಕದಲ್ಲಿ ಕಾದಿತ್ತು. ಆಮೇಲೆ ಶುರುವಾಯಿತು ಅಣ್ಣತಮ್ಮಂದಿರ ಸವಾರಿ. ಅಣ್ಣ ಸರಿಯಾಗಿ ಲೇಸು ಬಿಗಿದುಕೊಂಡು ಮುಂದೆ, ಗದ್ದೆ ಬದುವಿನ ಮೇಲೆ ಬರಿಗಾಲಲ್ಲಿ ನಡೆದು ರೂಢಿಯಾದ ತಮ್ಮ ಕುದುರೆಗೆ ಲಾಳ ಕಟ್ಟಿದ ಹಾಗೆ ಕಾಲೆತ್ತಿ ಹಾಕುತ್ತ ಹಿಂದೆ. ಕಂಬದಿಂದ ಕಂಬಕ್ಕೆ ಓಟ, ಕಂಬದಿಂದ ಕಂಬಕ್ಕೆ ನಡಿಗೆ. ದೇವಸ್ಥಾನದ ಎದುರಿಗೆ ಇಬ್ಬರೂ ಕುಳಿತು ಲೇಸು ಬಿಚ್ಚುವುದು, ಕೈ ಮುಗಿಯುವುದು, ಆಚೆ ಕುಳಿತು ಕಟ್ಟುವುದು. ಅಷ್ಟರಲ್ಲಿ ಯಾರೋ ಒಬ್ಬರು ಮಾತಿಗೆ ಸಿಗುವುದು. ಈ ಓಟಕ್ಕೆ ಯಾವ ಪದಕವೂ ಬರಲಾರದು, ಆದರೆ ಬರುವಾಗ ಅಂಗಿ ಬೆನ್ನಿಗೆ ಅಂಟಿಕೊಂಡಿರುತ್ತಿತ್ತು. ನಾನು ಆ ಬೆವರು ವಾಸನೆಯ ಅಂಗಿ ಒಗೆಯುವಾಗ ಹಾಡು ಹೇಳಿಕೊಳ್ಳುತ್ತಿದ್ದೆ.

ಬರಬರುತ್ತ ಶೂ ಇವರ ಮೈಗೇ ಹತ್ತಿತು. ಪೇಟೆಗೆ ಅದೇ, ರೇಷನ್ ಅಂಗಡಿಗೆ ಅದೇ, ಮದುವೆ ಊಟಕ್ಕೂ ಪಂಚೆಯ ಕೆಳಗೆ ಅದೇ ಬೂದು ಶೂ. ಹೊರಗೆ ಬಿಟ್ಟು ಹೋದರೆ ಯಾರಾದರೂ ಹಾಕಿಕೊಂಡು ಹೋದಾರು ಎಂದು ಊಟದ ಪಂಕ್ತಿಯಲ್ಲಿ ಕುಳಿತು ಬಾಗಿಲ ಕಡೆ ಕಣ್ಣು. ಡಾಕ್ಟರು ಕಾಲು ನೋಡಿ, ವರದಿ ನೋಡಿ, "ಪರವಾಗಿಲ್ವೇ!" ಎಂದರು. ನನಗೆ ಆ ಹುಡುಗಿಯ ಕೆನ್ನೆ ಹಿಂಡುವಷ್ಟು ಪ್ರೀತಿ ಬಂತು.

ಮಧ್ಯಾಹ್ನ ಬೆರಳು ಹಿಡಿದು ನೋಡುವುದು ಯಾವಾಗ ನಿಂತಿತೋ ನನಗೇ ನೆನಪಿಲ್ಲ. ಆದರೂ ಒಂದು ಮುಳ್ಳು ಒಳಗೆ ಉಳಿದಿತ್ತು. ನಾನು ಗದರಿಸಿದ್ದಕ್ಕೆ ಓಡುತ್ತಾರೆ, ತಮ್ಮ ಬಂದು ಕರೆಯುವುದಕ್ಕೆ ಓಡುತ್ತಾರೆ. ಇವರ ಮನಸ್ಸಿನೊಳಗೆ ಆ ಲೆಕ್ಕ ಇನ್ನೂ ನಡೆಯುತ್ತಿದೆಯೋ, ನಿಂತಿದೆಯೋ? ಬಾಯಿಬಿಟ್ಟು ಕೇಳುವ ಧೈರ್ಯ ನನಗಿರಲಿಲ್ಲ. ಕೇಳಿದರೆ ತಮಾಷೆ ಮಾಡಿ ಹಾರಿಸಿಬಿಡುತ್ತಾರೆ.

ಈ ಸಲದ ಮಳೆಗಾಲ ಮುಗಿಯುತ್ತ ಬಂದಾಗ ಒಂದು ಬೆಳಿಗ್ಗೆ ಇವರು ಗೇಟಿನಿಂದಲೇ ಗುಡುಗುತ್ತ ಬಂದರು. ಮಿಶಿನ್ನಿನ ಪಕ್ಕದಲ್ಲಿ ಶೂ ತಂದು ದಡಕ್ಕನೆ ಹಾಕಿದರು. "ನೋಡು, ನೀನು ಮೂರು ಪೇಟೆ ಸುತ್ತಿ ಆರಿಸ್ದ ಶೂ! ಹೊಲಿಗೆ ನೋಡಿದ್ದೇನು, ಬಗ್ಗಿಸಿ ನೋಡಿದ್ದೇನು! ಎಂತ ಬಾಳ್ಕಿ ಬಂತು ಹೇಳು?"

ಕೈಗೆತ್ತಿಕೊಂಡೆ. ಅಟ್ಟೆಯ ಗೆರೆಗಳೆಲ್ಲ ಅಳಿಸಿ ಬೋಳಾಗಿತ್ತು. ಹಿಮ್ಮಡಿ ಒಂದು ಬದಿಗೆ ಪೂರ್ತಿ ಸವೆದಿತ್ತು. ಹೆಬ್ಬೆರಳಿನ ಜಾಗದಲ್ಲಿ ಬಟ್ಟೆ ಹರಿದು ನನ್ನ ಎರಡು ಬೆರಳು ಸಲೀಸಾಗಿ ಹೊರಗೆ ಬಂದವು. ಹೊಲಿಗೆ ಹಾಕುವ ಹಾಗಿರಲಿಲ್ಲ, ಯಾರಿಗೂ ಕೊಡುವ ಹಾಗಂತೂ ಇರಲೇ ಇಲ್ಲ.

ಇವರು ಬೈಯುತ್ತಲೇ ಇದ್ದರು. "ಇದೊಂದನ್ನೇ ನಂಬಿ ಕೂತ್ರೆ ಆಪುದಲ್ಲ. ಮಳೆಗೆ ಬೇರೆ ಒಂದು, ಬೇಸಿಗೆಗೆ ಬೇರೆ ಒಂದು, ಎರಡು ಜೊತೆ ಮಾಡ್ಕಳ್ಬೇಕು. ಬದ್ಲಾಯಿಸಿ ಬದ್ಲಾಯಿಸಿ ಹಾಕಿದ್ರೆ ಮೂರು ನಾಲ್ಕು ವರ್ಷ ತೊಂದ್ರೆ ಇಲ್ಲ. ಆಮೇಲಿಂದು ಆಮೇಲೆ ನೋಡ್ವ."

ಮಿಶಿನ್ ತುಳಿಯುತ್ತಿದ್ದ ನನ್ನ ಕಾಲು ನಿಂತಿತು. ಯಾರದ್ದೋ ರವಿಕೆಯ ತೋಳು ಸೂಜಿಯ ಕೆಳಗೆ ಅರ್ಧಕ್ಕೇ ಉಳಿಯಿತು. ಹರಿದ ಶೂ ಮಡಿಲಲ್ಲಿಟ್ಟುಕೊಂಡು ನಾನು ಬಿಕ್ಕಿ ಬಿಕ್ಕಿ ಅಳತೊಡಗಿದೆ.

ಇವರು ಗಾಬರಿಯಾಗಿ ಹತ್ತಿರ ಬಂದರು. "ಎಂತ ಆಯ್ತೇ? ಬೈದೆ ಅಂತನಾ? ಶೂ ಹೋಯ್ತು ಅಂತ ಯಾರಾದ್ರೂ ಅಳ್ತ್ರಾ ಮಾರಾಯ್ತಿ? ಹೋಪದು ಹೋಗ್ತದೆ. ಹೊಸದು ತಕ್ಕಂಬ, ಏಳು."

"ತಗೊಳ್ಳುವ" ಎಂದೆ. "ಇವತ್ತೇ ಹೋಗುವ."